ಪುಕ್ಕಟೆ ಎಷ್ಟು, ಮಾರಾಟ ಎಷ್ಟು? ವೆಬ್‌ಸೈಟ್ ಇಟ್ಟ ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಥಾಣೆ, ಡೊಂಬಿವಲಿ ಕಡೆಯ ನಮ್ಮವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಿನವರದು ಸಣ್ಣ ವ್ಯಾಪಾರ. ಮನೆಯಲ್ಲೇ ಪುಡಿ, ಹಪ್ಪಳ, ಸಂಡಿಗೆ ಮಾಡಿ ಮಾರುವವರು, ಪೂಜೆ ಮಾಡಿಸುವ ಭಟ್ಟರು, ಟ್ಯೂಷನ್ ಟೀಚರುಗಳು, ತೆರಿಗೆ ಲೆಕ್ಕ ನೋಡುವವರು. ಸೈಟ್ ಶುರುವಾದ ಮೇಲೆ ಎಲ್ಲರಿಂದಲೂ ಅವೇ ಪ್ರಶ್ನೆಗಳು. ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮೊದಲು ಓದಿ, ಆಮೇಲೆ ಫೋನ್ ಮಾಡಿ.

ವಾಟ್ಸಾಪ್‌ನಲ್ಲೇ ಆರ್ಡರ್ ಬರುತ್ತೆ. ವೆಬ್‌ಸೈಟ್ ಯಾಕೆ ಬೇಕು?

ಬರುವ ಆರ್ಡರ್ ನಿಮಗೆ ಸಾಕಾಗಿದ್ದರೆ ಬೇಡ. ಸುಮ್ನೆ ಖರ್ಚು ಮಾಡಬೇಡಿ.

ವಾಟ್ಸಾಪ್ ಕೆಲಸ ಮಾಡುವುದು ನಿಮ್ಮನ್ನು ಆಗಲೇ ಬಲ್ಲವರ ನಡುವೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಹೋದ ತಿಂಗಳು ಹುಬ್ಬಳ್ಳಿಯಿಂದ ಪನ್ವೇಲ್‌ಗೆ ಮನೆ ಬದಲಿಸಿದವರಿಗೆ ನಿಮ್ಮ ನಂಬರ್ ಗೊತ್ತಿಲ್ಲ. ಅವರು ಗೂಗಲ್‌ನಲ್ಲಿ ಹುಡುಕುತ್ತಾರೆ. ವೆಬ್‌ಸೈಟ್ ಬೇಕಾಗಿರುವುದು ಅಂಥವರಿಗಾಗಿ.

ಎಲ್ಲಾ ಪುಕ್ಕಟೆ ಹೇಳಿಕೊಟ್ಟರೆ ಕೊಳ್ಳೋರು ಯಾರು? ಸಾರಿನ ಪುಡಿಯ ಅಳತೆ ಹಾಕಿಬಿಟ್ಟರೆ ನನ್ನ ಪುಡಿ ಯಾರು ತಗೋತಾರೆ?

ಇದನ್ನು ಕೇಳದವರೇ ಇಲ್ಲ. ಕೆಲವರು ಸ್ವಲ್ಪ ಸಿಟ್ಟಿನಲ್ಲೇ ಕೇಳುತ್ತಾರೆ.

ನಿಮ್ಮ ಪುಡಿ ಕೊಳ್ಳುವವರು ಯಾರು, ಒಮ್ಮೆ ಯೋಚಿಸಿ. ಡೊಂಬಿವಲಿಯಿಂದ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿ ಕಡೆ ಕೆಲಸಕ್ಕೆ ಹೋಗಿ, ರಾತ್ರಿ ಎಂಟೂವರೆಗೆ ಮನೆ ಸೇರುವ ಹೆಂಗಸು. ಅವಳಿಗೆ ಸಾರಿನ ಪುಡಿ ಮಾಡಲು ಬರುವುದಿಲ್ಲ ಅಂದುಕೊಂಡಿದ್ದೀರಾ? ಅವಳ ಅಮ್ಮ ಹೇಳಿಕೊಟ್ಟ ಅಳತೆ ನಿಮ್ಮದಕ್ಕಿಂತ ಚೆನ್ನಾಗಿರಲೂಬಹುದು. ಅವಳಿಗೆ ಇಲ್ಲದ್ದು ಪುರುಸೊತ್ತು. ಕೊತ್ತಂಬರಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯುತ್ತಾ ನಿಲ್ಲಬೇಕು. ಮೆಣಸಿನಕಾಯಿ ಸೀಯದ ಹಾಗೆ ನೋಡಿಕೊಳ್ಳಬೇಕು. ಒಂದು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಮೆಣಸಿನ ಘಾಟು ಎದ್ದರೆ ಮನೆಯವರೂ ಕೆಮ್ಮುತ್ತಾರೆ, ಪಕ್ಕದವರೂ ಬಾಗಿಲು ತಟ್ಟುತ್ತಾರೆ. ಅವಳು ದುಡ್ಡು ಕೊಡುವುದು ಆ ಒಂದು ಗಂಟೆಗೆ, ಆ ಘಾಟಿಗೆ.

ಹಾಗಾಗಿ ಅಳತೆ ಪೂರ್ತಿ ಹಾಕಿ. ಬ್ಯಾಡಗಿ ಮೆಣಸಿನಕಾಯಿ ಯಾಕೆ ಹಾಕುತ್ತೀರಿ, ಅದಕ್ಕೆ ಬಣ್ಣ ಜಾಸ್ತಿ ಖಾರ ಕಮ್ಮಿ, ಗುಂಟೂರಿನದು ಎಷ್ಟು ಸೇರಿಸಿದರೆ ಖಾರ ಹದವಾಗುತ್ತದೆ, ಇಂಗನ್ನು ಯಾವಾಗ ಹಾಕಬೇಕು, ಎಲ್ಲಾ ಬರೆಯಿರಿ. ಮುಂಬಯಿಯಲ್ಲಿ ಒಳ್ಳೆ ಬ್ಯಾಡಗಿ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಬರೆಯಿರಿ. ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಗೆ ಹೋಗಿ ‘ಬೇಡಗಿ’ ಎಂದು ಕೇಳಿದರೆ ಕೊಡುತ್ತಾರೆ. ಇಷ್ಟು ತಿಳಿದವರು ಮಾಡಿದ ಪುಡಿ ಚೆನ್ನಾಗಿಯೇ ಇರುತ್ತದೆ ಎಂದು ಓದಿದವರಿಗೆ ಅನಿಸುತ್ತದೆ. ಆ ನಂಬಿಕೆ ಬಣ್ಣದ ಪೋಸ್ಟರಿನಿಂದ ಬರುವುದಿಲ್ಲ.

ಓದಿಕೊಂಡು ಮನೆಯಲ್ಲೇ ಮಾಡಿಕೊಳ್ಳುವವರು ಇರುತ್ತಾರಲ್ಲ? ಇರುತ್ತಾರೆ. ಅವರು ಎಂದೂ ನಿಮ್ಮ ಗಿರಾಕಿ ಆಗುತ್ತಿರಲಿಲ್ಲ. ಅವರಿಂದ ಆಗುವ ನಷ್ಟ ಸೊನ್ನೆ. ಅವರು ಲಿಂಕನ್ನು ಪುಣೆಯಲ್ಲಿರುವ ತಂಗಿಗೆ ಕಳಿಸಿದರೆ ನಿಮಗೇ ಲಾಭ.

ಹಾಗಾದರೆ ಯಾವುದನ್ನು ಪುಕ್ಕಟೆ ಕೊಡಬೇಕು, ಯಾವುದಕ್ಕೆ ದುಡ್ಡು ಕೇಳಬೇಕು?

ನಾನು ಗೆರೆ ಎಳೆಯುವುದು ಹೀಗೆ. ಎಲ್ಲರಿಗೂ ಒಂದೇ ಆಗಿರುವ ತಿಳುವಳಿಕೆ ಪುಕ್ಕಟೆ. ಒಬ್ಬರಿಗಾಗಿ ಕೂತು ಮಾಡಿಕೊಡುವ ಕೆಲಸಕ್ಕೆ ದುಡ್ಡು.

ಭಟ್ಟರೊಬ್ಬರ ಸೈಟ್ ನೋಡಿ ಹೇಳುತ್ತೇನೆ. ಅವರ ಸೈಟಿನಲ್ಲಿ ಅತಿ ಹೆಚ್ಚು ಜನ ನೋಡುವ ಪುಟ ‘ಸತ್ಯನಾರಾಯಣ ಪೂಜೆಗೆ ಬೇಕಾದ ಸಾಮಾನು’. ಸಜ್ಜಿಗೆಯ ಪ್ರಸಾದಕ್ಕೆ ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಒಂದೂಕಾಲು ಲೆಕ್ಕದಲ್ಲಿ ಎಂದು ಶುರುವಾಗುತ್ತದೆ. ವೀಳ್ಯದೆಲೆ ಎಷ್ಟು, ಅಡಿಕೆ ಎಷ್ಟು, ಕಲಶಕ್ಕೆ ಯಾವ ತೆಂಗಿನಕಾಯಿ ಎಂದು ಮುಂದುವರಿಯುತ್ತದೆ. ಮಾವಿನೆಲೆ, ತುಳಸಿ, ಬಿಡಿ ಹೂವು ಮಾಟುಂಗ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಹಿಂದಿನ ದಿನವೇ ತಂದಿಡಿ ಎಂದಿದೆ. ನನಗೆ ಇಷ್ಟವಾದದ್ದು ಕೊನೆಯ ಸಾಲು: ಹೋಮವೂ ಇದ್ದರೆ ಸೊಸೈಟಿಯ ವಾಚ್‌ಮನ್‌ಗೆ ಮೊದಲೇ ತಿಳಿಸಿ, ಹೊಗೆಯ ಅಲಾರಂ ಎಲ್ಲಿದೆ ನೋಡಿಕೊಳ್ಳಿ. ಮುಂಬಯಿಯ ಫ್ಲ್ಯಾಟುಗಳಲ್ಲಿ ಪೂಜೆ ಮಾಡಿಸಿದವರಿಗೆ ಮಾತ್ರ ಹೊಳೆಯುವ ಮಾತದು.

ಈ ಪಟ್ಟಿ ಹಾಕಲು ಅವರು ಮೊದಲು ಒಪ್ಪಲಿಲ್ಲ. “ಪಟ್ಟಿ ನನ್ನದು ನೋಡಿಕೊಂಡು ಬೇರೆ ಭಟ್ಟರನ್ನು ಕರೆದರೆ?” ಎಂದರು. ಕಿರಾಣಿ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕ್ಯಾಲೆಂಡರ್ ಕೊಡುವುದಿಲ್ಲವಾ ಎಂದು ನಾನು ಕೇಳಿದೆ. ತಿಥಿ, ಸಂಕಷ್ಟಿ, ಏಕಾದಶಿ ನೋಡಲು ಮನೆಯವರು ಅದನ್ನು ಗೋಡೆಗೆ ಹಾಕುತ್ತಾರೆ. ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರ್ ವರ್ಷವಿಡೀ ಇರುತ್ತದೆ. ಸಾಮಾನಿನ ಪಟ್ಟಿಯೂ ಅದೇ ಕೆಲಸ ಮಾಡುತ್ತದೆ. ಜನ ಸ್ಕ್ರೀನ್‌ಶಾಟ್ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗುತ್ತಾರೆ. ಪಟ್ಟಿಯ ಅಡಿಯಲ್ಲೇ ಭಟ್ಟರ ನಂಬರ್, ಬರುವ ಏರಿಯಾಗಳು, ದಕ್ಷಿಣೆ ಎಲ್ಲಾ ಇದೆ. ಬೇರೆ ಭಟ್ಟರನ್ನು ಯಾಕೆ ಹುಡುಕುತ್ತಾರೆ?

ತೆರಿಗೆ ನೋಡುವವರಿಗೂ ಇದೇ ಗೆರೆ. ಯಾವ ಯಾವ ಕಾಗದ ಜೋಡಿಸಿಕೊಳ್ಳಬೇಕು, ಊರಿನ ತೋಟದ ಆದಾಯವನ್ನು ಎಲ್ಲಿ ತೋರಿಸಬೇಕು ಎಂಬುದು ಪುಟದಲ್ಲಿ ಪುಕ್ಕಟೆ ಇರಲಿ. “ನನ್ನ ಕಾಗದಪತ್ರ ಸ್ವಲ್ಪ ನೋಡಿ” ಎಂದರೆ ಅಲ್ಲಿಂದ ಫೀಸು. ಮಕ್ಕಳಿಗೆ ಕನ್ನಡ ಕಲಿಸುವ ಟೀಚರು ಅಕ್ಷರಮಾಲೆ, ಕಾಗುಣಿತದ ಅಭ್ಯಾಸದ ಹಾಳೆಗಳನ್ನು ಪುಕ್ಕಟೆ ಇಡಬಹುದು. ಮಗುವಿನ ಜೊತೆ ಕೂತು ತಿದ್ದುವುದಕ್ಕೆ ದುಡ್ಡು.

ಅರ್ಧ ತೋರಿಸಿ, ಉಳಿದರ್ಧಕ್ಕೆ ದುಡ್ಡು ಕೇಳಿದರೆ ಹೇಗೆ? ಪೇಪರಿನವರು ಹಾಗೇ ಮಾಡ್ತಾರಲ್ವಾ?

ಪೇಪರಿನವರ ಲೆಕ್ಕ ಬೇರೆ. ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ ತಿಂಗಳಿಗೆ 20 ಲೇಖನ ಪುಕ್ಕಟೆ, ಮೇಲಿನದಕ್ಕೆ ಚಂದಾ ಎಂದಿತು. ಮರುವರ್ಷ ಅದನ್ನು 10ಕ್ಕೆ ಇಳಿಸಿತು. ಅವರ ಹತ್ತಿರ ದಿನಾ ಹೊಸ ಸರಕು ಇರುತ್ತದೆ, ಬೆಳಿಗ್ಗೆ ಎದ್ದು ಓದುವ ಅಭ್ಯಾಸದ ಜನ ಇರುತ್ತಾರೆ. ನಿಮ್ಮ ಸೈಟಿಗೆ ಜನ ಬರುವುದು ವರ್ಷಕ್ಕೆ ಎರಡು ಮೂರು ಸಲ, ಅದೂ ಯಾವುದೋ ಕೆಲಸ ಬಿದ್ದಾಗ. ಅರ್ಧದಲ್ಲಿ ಬಾಗಿಲು ಹಾಕಿದರೆ ಹಿಂದೆ ಹೋಗಿ ಮುಂದಿನ ಸೈಟ್ ತೆರೆಯುತ್ತಾರೆ. ಅಷ್ಟೇ.

ಕೋರ್ಸ್ ಮಾರುವವರು ಮಾತ್ರ ಬೇರೆ ಥರ ಯೋಚಿಸಬೇಕು. ಅವರಿಗೆ ಪಾಠವೇ ಸರಕು. ಆದರೂ ಪ್ರತಿ ಪಾಠದ ಅರ್ಧ ತೋರಿಸಬೇಡಿ. ಮೊದಲ ಒಂದು ಪಾಠವನ್ನು ಪೂರ್ತಿ ತೋರಿಸಿ. ಕಲಿಸುವ ರೀತಿ ಗೊತ್ತಾಗಬೇಕಾದರೆ ಒಂದು ಪಾಠ ಕೊನೆಯವರೆಗೆ ನೋಡಬೇಕು.

ಜನ ನಮ್ಮ ಸೈಟಿಗೆ ಬರೋದಾದರೂ ಹೇಗೆ?

ಮೊದಲನೆಯದು ಜನ ಹುಡುಕುವ ವಿಷಯದ ಪುಟಗಳು. ಪುಟದಲ್ಲಿ ಏನು ಬರೆಯಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ವಾಟ್ಸಾಪ್ ತೆಗೆಯಿರಿ. ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ಮೇಲಿಂದ ಕೆಳಗೆ ಓದಿ. “ಮಳೆಗಾಲದಲ್ಲಿ ಚಟ್ನಿ ಪುಡಿ ಗಟ್ಟಿಯಾಗುತ್ತೆ, ಏನು ಮಾಡೋದು?” “ಹಪ್ಪಳ ಮೈಕ್ರೋವೇವ್‌ನಲ್ಲಿ ಸುಡಬಹುದಾ?” “ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಇದೆಯಾ?” ಇವು ಒಂದೊಂದೂ ಒಂದೊಂದು ಪುಟ. ನಿಮ್ಮನ್ನು ಇಬ್ಬರು ಕೇಳಿದ್ದಾರೆ ಅಂದರೆ ಗೂಗಲ್‌ನಲ್ಲಿ ತುಂಬ ಜನ ಕೇಳುತ್ತಿದ್ದಾರೆ.

ಎರಡನೆಯದು ಗೂಗಲ್ ಸರ್ಚ್ ಕನ್ಸೋಲ್. ಪುಕ್ಕಟೆ ಸಿಗುತ್ತದೆ. ಜನ ಯಾವ ಮಾತು ಹಾಕಿ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಎಂದು ತೋರಿಸುತ್ತದೆ. 16 ತಿಂಗಳ ಹಿಂದಿನವರೆಗೂ ನೋಡಬಹುದು. ತುಂಬ ಸಲ ಕಾಣಿಸಿದರೂ ಯಾರೂ ಒತ್ತದ ಪುಟ ಇದ್ದರೆ ಅದರ ತಲೆಬರಹ ಸರಿಯಿಲ್ಲ ಎಂದು ಮೊದಲ ಅನುಮಾನ. ‘ನಮ್ಮ ವಿಶೇಷತೆಗಳು’ ಎನ್ನುವ ತಲೆಬರಹವನ್ನು ಯಾರೂ ಹುಡುಕುವುದಿಲ್ಲ. ‘ಥಾಣೆಯಲ್ಲಿ ಉಡುಪಿ ಶೈಲಿಯ ಸಾರಿನ ಪುಡಿ’ ಎಂದಿಡಿ.

ಮೂರನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದಕ್ಕೂ ದುಡ್ಡಿಲ್ಲ. ಮ್ಯಾಪಿನಲ್ಲಿ ನಿಮ್ಮ ಹೆಸರು, ಸಮಯ, ಫೋಟೋ, ರಿವ್ಯೂ ಬರುವುದು ಇದರಿಂದ. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಏರಿಯಾ ಮಾತ್ರ ತೋರಿಸಬಹುದು. ಸ್ಥಳೀಯ ಕೆಲಸದವರಿಗೆ ವೆಬ್‌ಸೈಟಿಗಿಂತ ಮೊದಲು ಇದನ್ನು ಮಾಡಿಸಿ ಎಂದೇ ನಾನು ಹೇಳುವುದು. ನನಗೆ ಅದರಿಂದ ಕೆಲಸ ಕಮ್ಮಿಯಾಗುತ್ತದೆ, ಪರವಾಗಿಲ್ಲ.

ಕನ್ನಡದಲ್ಲಿ ಬರೆಯಲಾ, ಮರಾಠಿಯಲ್ಲಾ, ಇಂಗ್ಲಿಷ್‌ನಲ್ಲಾ?

ಗಿರಾಕಿ ಯಾರು ಅನ್ನುವುದರ ಮೇಲೆ ನಿಂತಿದೆ. ಕನ್ನಡ ಕ್ಲಾಸಿನ ಟೀಚರಿಗೆ ಒಂದು ಇಕ್ಕಟ್ಟಿದೆ. ಹುಡುಕುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಕನ್ನಡ ಓದಲು ಬರುವುದಿಲ್ಲ. ಮಗುವಾದರೂ ಕಲಿಯಲಿ ಎಂದೇ ಅವರು ಹುಡುಕುತ್ತಿರುವುದು. ಅವರಿಗೆ ಮುಖ್ಯ ಪುಟ ಇಂಗ್ಲಿಷ್‌ನಲ್ಲೇ ಇರಬೇಕು. ಪುಡಿ ಮಾರುವವರು ಮರಾಠಿ ಪುಟವನ್ನೂ ಇಡಿ. ಉಡುಪಿ ಹೋಟೆಲಿನ ಸಾಂಬಾರ್ ತಿಂದು ಬೆಳೆದ ಊರಿದು, ಮರಾಠಿ ಮನೆಗಳಲ್ಲೂ ಕೊಳ್ಳುತ್ತಾರೆ.

ಕನ್ನಡದಲ್ಲಿ ಬರೆದರೆ ಎರಡು ವಿಷಯ ನೆನಪಿಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೇ ತಂದು ಹಾಕಬೇಡಿ. ಅದು ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲ, ಸೈಟಿನಲ್ಲಿ ಚಿತ್ರ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದವರಿಗೆ ಸಿಗುವುದೂ ಇಲ್ಲ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇನ್ನೊಂದು, ಇಡೀ ವಿವರವನ್ನು ಪೋಸ್ಟರ್ ಮಾಡಿಸಿ ಚಿತ್ರವಾಗಿ ಹಾಕುವ ಚಟ. ವಾಟ್ಸಾಪಿಗೆ ಅದು ಸರಿ. ಸೈಟಿನಲ್ಲಿ ಅಕ್ಷರ ಅಕ್ಷರವಾಗಿಯೇ ಇರಲಿ.

ಹುಡುಕುವ ಹೆಸರುಗಳೂ ಒಂದೇ ಥರ ಇರುವುದಿಲ್ಲ. ಸಾಂಬಾರ್ ಪುಡಿ, ಹುಳಿ ಪುಡಿ, ಕೊದ್ದೆಲ್ ಪುಡಿ, ಸಾಂಬಾರ್ ಮಸಾಲ ಎಂದೆಲ್ಲ ಹಾಕುತ್ತಾರೆ. ಕನ್ನಡ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಬೇಕಾದಷ್ಟು. ಎಲ್ಲಾ ಹೆಸರೂ ಪುಟದ ಮಾತಿನಲ್ಲಿ ಸಹಜವಾಗಿ ಒಮ್ಮೆ ಬರಲಿ. ಕೆಳಗೆ ರಾಶಿ ಹಾಕಬೇಡಿ.

ದಿನಾ ಒಂದು ಬರೆಯಬೇಕಾ? ಎಐ ಹತ್ತಿರ ಬರೆಸಬಹುದಾ?

ದಿನಾ ಬೇಡ. ತಿಂಗಳಿಗೆ ಎರಡು ಒಳ್ಳೆಯ ಪುಟ ಸಾಕು.

ಎಐ ಹತ್ತಿರ ಕಾಗುಣಿತ ನೋಡಿಸಿ, ಮರಾಠಿಗೆ ಮಾಡಿಸಿ, ತಪ್ಪಿಲ್ಲ. ಮರಾಠಿ ಬಲ್ಲವರಿಂದ ಒಮ್ಮೆ ಓದಿಸಿದರೆ ಆಯಿತು. ಒಂದೇ ಸಲಕ್ಕೆ ಇನ್ನೂರು ಪುಟ ಬರೆಸಿ ಸುರಿಯುವುದು ಮಾತ್ರ ಬೇಡ. ಹುಡುಕಾಟದಲ್ಲಿ ಮೇಲೆ ಬರುವುದಕ್ಕೆಂದೇ ರಾಶಿ ರಾಶಿ ಪುಟ ತಯಾರಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳಿಗೆ ಸೇರಿಸಿದೆ. ಯಂತ್ರ ಬರೆದರೂ ಮನುಷ್ಯ ಬರೆದರೂ ನಿಯಮ ಒಂದೇ.

ಈಗ ಗೂಗಲ್ಲೇ ಮೇಲ್ಗಡೆ ಉತ್ತರ ಕೊಟ್ಟುಬಿಡುತ್ತೆ. ನಮ್ಮ ಸೈಟಿಗೆ ಯಾಕೆ ಬರ್ತಾರೆ?

ಹೌದು, ಎಐ ಬರೆದ ಉತ್ತರ ಮೇಲೆ ಬರುವುದು ನಮ್ಮ ದೇಶದಲ್ಲಿ 2024ರ ಆಗಸ್ಟ್‌ನಿಂದ ಶುರುವಾಗಿದೆ. ಒಂದು ಕಪ್ ರವೆ ಎಷ್ಟು ಗ್ರಾಂ, ಸಂಕಷ್ಟಿ ಯಾವತ್ತು, ಇಂಥದ್ದಕ್ಕೆ ಇನ್ನು ಯಾರೂ ನಿಮ್ಮ ಪುಟದವರೆಗೆ ಬರುವುದಿಲ್ಲ. ಅಂಥ ಪುಟಕ್ಕೆ ಸಮಯ ಹಾಕಬೇಡಿ. ಅಲ್ಲಿಂದ ಬರುತ್ತಿದ್ದವರು ಕೊಳ್ಳುತ್ತಲೂ ಇರಲಿಲ್ಲ ಅನ್ನಿ.

ಯಂತ್ರಕ್ಕೆ ಗೊತ್ತಿರದದ್ದನ್ನು ಬರೆಯಿರಿ. ಈ ವಾರ ಯಾವ ಹಪ್ಪಳ ತಯಾರಿದೆ. ನಿಮ್ಮ ಪುಡಿಯ ಬಣ್ಣ ಹಗಲು ಬೆಳಕಿನಲ್ಲಿ ಹೇಗೆ ಕಾಣುತ್ತದೆ. ಮುಲುಂಡ್‌ನಿಂದ ಆಚೆ ಡೆಲಿವರಿ ಇದೆಯೋ ಇಲ್ಲವೋ. ಎರಡು ಬಗೆಯ ಪುಡಿಯಲ್ಲಿ ಮಕ್ಕಳಿರುವ ಮನೆಗೆ ಯಾವುದು ವಾಸಿ. ಇದನ್ನೆಲ್ಲ ಹೇಳಬಲ್ಲವರು ನೀವೊಬ್ಬರೇ.

ಜಾಹೀರಾತಿಗೆ ಸ್ವಲ್ಪ ದುಡ್ಡು ಹಾಕಿದರೆ ಬೇಗ ಆಗಲ್ವಾ?

ಜನ ಬೇಗ ಬರುತ್ತಾರೆ. ಲಾಭ ಬರುತ್ತದೋ ಇಲ್ಲವೋ ಎಂದು ಮೊದಲು ಕಾಗದ ಪೆನ್ನು ತೆಗೆದುಕೊಳ್ಳಿ. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಕಿ ಹಾಕಿ ನೋಡಿ.

ಒಂದು ಪೊಟ್ಟಣದ ಬೆಲೆ ₹200. ಸಾಮಾನು, ಹುರಿದು ಪುಡಿ ಮಾಡಿದ್ದು, ಪ್ಯಾಕಿಂಗ್ ಸೇರಿ ಖರ್ಚು ₹130. ಉಳಿಯುವುದು ₹70. ಜಾಹೀರಾತಿನಲ್ಲಿ ಒಂದು ಕ್ಲಿಕ್‌ಗೆ ₹5 ಅಂದುಕೊಳ್ಳಿ. 100 ಜನ ಬಂದರೆ ₹500. ಅವರಲ್ಲಿ ಇಬ್ಬರು ಕೊಂಡರು. ಒಬ್ಬ ಗಿರಾಕಿಯನ್ನು ತರಲು ₹250 ಹೋಯಿತು. ಸಿಕ್ಕಿದ್ದು ₹70. ಪೊಟ್ಟಣಕ್ಕೆ ₹180 ಕೈಯಿಂದ ಹಾಕಿ ಮಾರಿದ ಹಾಗಾಯಿತು.

ಅದೇ ಗಿರಾಕಿ ಮತ್ತೆ ನಾಲ್ಕು ಸಲ ಕೊಂಡರೆ ಒಟ್ಟು ಐದು ಪೊಟ್ಟಣಕ್ಕೆ ₹350 ಉಳಿಯುತ್ತದೆ, ₹250 ಕಳೆದು ₹100 ಕೈಗೆ ಬರುತ್ತದೆ. ಅಂದರೆ ಜಾಹೀರಾತು ಗಿಟ್ಟುವುದು ತಿರುಗಿ ಬರುವ ಗಿರಾಕಿ ಇದ್ದರೆ, ಇಲ್ಲವೇ ಒಂದು ಆರ್ಡರಿನಲ್ಲೇ ದೊಡ್ಡ ಮೊತ್ತ ಇದ್ದರೆ. ಒಂಟಿ ಪೊಟ್ಟಣಕ್ಕೆ ಜಾಹೀರಾತು ಕೊಡಬೇಡಿ. ಆರು ಬಗೆಯ ಪುಡಿಯ ಪೆಟ್ಟಿಗೆ ಮಾಡಿ, ಅದಕ್ಕೆ ಕೊಡಿ. ಭಟ್ಟರ ಸಾಮಾನಿನ ಪಟ್ಟಿಗೆ ಒಂದು ಪೈಸೆ ಜಾಹೀರಾತಿಲ್ಲ, ಜನ ಬರುತ್ತಲೇ ಇದ್ದಾರೆ. ಬೆಳೆಯಲು ತಿಂಗಳುಗಳು ಹಿಡಿಯುತ್ತವೆ, ಅದು ನಿಜ.

ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಕೊಳ್ಳಲ್ಲ. ಪುಕ್ಕಟೆ ಬರಹ ಕಮ್ಮಿ ಮಾಡಲಾ?

ಬರಹದ ತಪ್ಪು ಕಮ್ಮಿ, ದಾರಿಯ ತಪ್ಪು ಜಾಸ್ತಿ. ನಿಮ್ಮದೇ ಸೈಟಿನಿಂದ ಒಂದು ಪೊಟ್ಟಣ ಕೊಂಡು ನೋಡಿ. ಕಂಪ್ಯೂಟರಿನಲ್ಲಿ ಬೇಡ, ಮೊಬೈಲಿನಲ್ಲಿ. ವೈಫೈ ಬೇಡ, ಕುರ್ಲಾ ದಾಟುವಾಗ ಲೋಕಲ್‌ನಲ್ಲಿ ನಿಂತುಕೊಂಡು, ಒಂದೇ ಕೈಯಲ್ಲಿ. ಎಲ್ಲಿ ಸಿಟ್ಟು ಬರುತ್ತದೋ ಗಿರಾಕಿ ಬಿಟ್ಟುಹೋಗುವುದೂ ಅಲ್ಲೇ.

ಸಾಮಾನ್ಯವಾಗಿ ಮೂರು ಕಡೆ. ಒಂದು, ಬೆಲೆಯೇ ಹಾಕಿರುವುದಿಲ್ಲ. ‘ಬೆಲೆಗೆ ಮೆಸೇಜ್ ಮಾಡಿ’ ಎಂದಿರುತ್ತದೆ. ಇದೇನು ಮದುವೆ ಮಾತುಕತೆಯಾ? ಬೆಲೆ ಹಾಕಿ. ಎರಡು, ದುಡ್ಡು ಕಟ್ಟುವ ಕೊನೆಯ ಹೆಜ್ಜೆಯಲ್ಲಿ ಡೆಲಿವರಿಗೆ ₹90 ಎಂದು ಕಾಣುತ್ತದೆ. ₹200ರ ಪುಡಿಗೆ ₹90 ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಮೊದಲೇ ಹೇಳಿ, ಎಷ್ಟಕ್ಕಿಂತ ಮೇಲೆ ಕೊಂಡರೆ ಡೆಲಿವರಿ ಪುಕ್ಕಟೆ ಅನ್ನುವುದನ್ನೂ ಹೇಳಿ. ನಮ್ಮವರಲ್ಲಿ ಕೆಲವರು ವಾರಕ್ಕೊಂದು ದಿನ ದಾದರ್, ಥಾಣೆ ಸ್ಟೇಷನ್ ಹೊರಗೆ ಕೈಗೇ ಕೊಡುತ್ತಾರೆ. ಅದನ್ನು ಸೈಟಿನಲ್ಲೂ ಆಯ್ಕೆಯಾಗಿ ಇಡಬಹುದು. ಮೂರು, ದುಡ್ಡು ಕಟ್ಟುವ ಮೊದಲು ಖಾತೆ ತೆರೆಯಿರಿ, ಪಾಸ್‌ವರ್ಡ್ ಇಡಿ ಎನ್ನುವುದು. ಒಂದು ಡಬ್ಬಿ ಉಪ್ಪಿನಕಾಯಿಗೆ ಪಾಸ್‌ವರ್ಡ್ ಯಾಕೆ?

ನೇರ ಯುಪಿಐ ಕ್ಯೂಆರ್ ಇಟ್ಟರೆ ನಿಮಗೆ ಕಮಿಷನ್ ಬೀಳುವುದಿಲ್ಲ. ಪೇಮೆಂಟ್ ಗೇಟ್‌ವೇ (ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಂಡು ನಿಮ್ಮ ಖಾತೆಗೆ ಹಾಕುವ ಕಂಪನಿ) ಆದರೆ ಸಾಮಾನ್ಯವಾಗಿ ಸುಮಾರು 2% ಕಮಿಷನ್, ಆ ಕಮಿಷನ್ ಮೇಲೆ 18% ಜಿಎಸ್‌ಟಿ. ಆರ್ಡರ್ ಕಮ್ಮಿ ಇರುವಾಗ ಕ್ಯೂಆರ್ ಸಾಕು. ಯಾರು ಕಟ್ಟಿದರು ಎಂದು ಕೈಯಲ್ಲಿ ಹೊಂದಿಸುವುದು ತಲೆನೋವಾದಾಗ ಗೇಟ್‌ವೇಗೆ ಹೋಗಿ.

‘ಕೊಳ್ಳಿ’ ಬಟನ್ ಎಲ್ಲಿಡಬೇಕು? ಪಾಪ್‌ಅಪ್ ಹಾಕಲಾ?

ಓದುತ್ತಿರುವವರಿಗೆ ಬೇಕು ಅನಿಸುವ ಜಾಗದಲ್ಲಿ. ಸಾರಿನ ಪುಡಿ ಮಾಡುವ ಪುಟದಲ್ಲಿ ಮೆಣಸಿನಕಾಯಿ ಹುರಿಯುವ ಹೆಜ್ಜೆಯ ಕೆಳಗೆ ಒಂದೇ ಸಾಲು ಸಾಕು: ‘ಹುರಿಯಲು ಪುರುಸೊತ್ತಿಲ್ಲವೇ? ತಯಾರು ಪುಡಿ ಇಲ್ಲಿದೆ, 250 ಗ್ರಾಂ ₹200.’ ಇನ್ನೊಂದು ಪುಟದ ಕೊನೆಯಲ್ಲಿ. ಪ್ಯಾರಾಗೊಂದರಂತೆ ಬೇಡ.

ಪಾಪ್‌ಅಪ್ ಬೇಡವೇ ಬೇಡ. ಮೊಬೈಲಿನಲ್ಲಿ ಪುಟ ತೆರೆದ ಕೂಡಲೇ ಬರಹವನ್ನು ಮುಚ್ಚುವ ಪಾಪ್‌ಅಪ್ ಇದ್ದರೆ ಗೂಗಲ್ ಆ ಪುಟವನ್ನು ಕೆಳಗೆ ತಳ್ಳಬಹುದು, 2017ರಿಂದಲೂ ಹೀಗಿದೆ. ‘ಇನ್ನು ಎರಡೇ ಪೊಟ್ಟಣ ಉಳಿದಿದೆ’ ಎಂಬ ಸುಳ್ಳನ್ನೂ ಹಾಕಬೇಡಿ. ಗಿರಾಕಿಯನ್ನು ಮೋಸದ ಅವಸರಕ್ಕೆ ತಳ್ಳುವುದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ನಿಷೇಧಿಸಿದ 13 ಕಪಟ ತಂತ್ರಗಳಲ್ಲಿ ಒಂದು. ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದೂ ಅದರಲ್ಲಿದೆ.

ಪುಕ್ಕಟೆ ಪಿಡಿಎಫ್ ಕೊಟ್ಟು ಫೋನ್ ನಂಬರ್ ತಗೊಳ್ಳಬಹುದಾ?

ತಗೊಳ್ಳಿ. ಯಾಕೆ ತಗೊಳ್ಳುತ್ತಿದ್ದೀರಿ ಎಂದು ಹೇಳಿ, ಅವರೇ ಟಿಕ್ ಮಾಡಲಿ. ಮೊದಲೇ ಟಿಕ್ ಹಾಕಿಟ್ಟ ಚೌಕ ಬೇಡ. ಆನ್‌ಲೈನ್ ಮಾರಾಟದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಮಾನು ಕೊಳ್ಳುವುದಕ್ಕೂ ಅದು ಒಪ್ಪಿಗೆ ಆಗುವುದಿಲ್ಲ. ಪಿಡಿಎಫ್ ನಿಜವಾಗಿ ಉಪಯೋಗಕ್ಕೆ ಬರಬೇಕು, ಕಾಗುಣಿತದ ಹತ್ತು ಹಾಳೆಯೋ ಹಬ್ಬದ ಸಾಮಾನಿನ ಪಟ್ಟಿಯೋ. ನಂಬರ್ ಸಿಕ್ಕಿತೆಂದು ದಿನಾ ‘ಶುಭೋದಯ’ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ನಾನಾದರೂ ಮಾಡುತ್ತೇನೆ.

ಗಿರಾಕಿಗಳ ಕಾಟ ಇಲ್ಲ ಸಾರ್. ನಮ್ಮವರೇ ಪುಕ್ಕಟೆ ಕೇಳ್ತಾರೆ. ಇಲ್ಲ ಅನ್ನೋದು ಹೇಗೆ?

ಇದು ಮುಂಬಯಿ ಕನ್ನಡಿಗರ ಖಾಸಾ ಕಷ್ಟ. ಸಂಘದ ಕಾರ್ಯಕ್ರಮದಲ್ಲಿ ಊಟದ ತಟ್ಟೆ ಹಿಡಿದು ನಿಂತಿರುತ್ತೀರಿ. ಒಬ್ಬರು ಬಂದು, “ನೀವು ತೆರಿಗೆ ನೋಡ್ತೀರಂತಲ್ಲ ಮಾರಾಯ್ರೆ, ನಮ್ಮ ಹುಡುಗನಿಗೆ ನೋಟಿಸ್ ಬಂದಿದೆ, ಸ್ವಲ್ಪ ನೋಡಿ ಹೇಳಿ” ಎನ್ನುತ್ತಾರೆ. ಊರಿನವರು, ಬಳಗದವರು, ದುಡ್ಡು ಕೇಳಲು ನಾಲಿಗೆ ಏಳುವುದಿಲ್ಲ.

ಇಲ್ಲೇ ನಿಮ್ಮ ಪುಕ್ಕಟೆ ಪುಟಗಳು ಕೈ ಹಿಡಿಯುವುದು. “ಅದರ ಬಗ್ಗೆ ಪೂರ್ತಿ ಬರೆದಿಟ್ಟಿದ್ದೇನೆ ಅಣ್ಣ, ಲಿಂಕ್ ಕಳಿಸ್ತೇನೆ, ಮೊದಲು ಓದಿ” ಎನ್ನಿ. ಇಲ್ಲ ಎಂದ ಹಾಗೂ ಆಗಲಿಲ್ಲ, ಅರ್ಧ ಗಂಟೆ ಹೋಗಲೂ ಇಲ್ಲ. ಪುಟದ ಕೊನೆಯಲ್ಲಿ ‘ನಿಮ್ಮ ಕಾಗದ ನೋಡಿ ಸಲಹೆ, 30 ನಿಮಿಷಕ್ಕೆ ₹500’ ಎಂದು ಬರೆದಿದ್ದರೆ ಬೆಲೆ ಹೇಳುವ ಸಂಕೋಚವೂ ತಪ್ಪಿತು. ಓದಿದವರಿಗೆ ತಾನೇ ಗೊತ್ತಾಗುತ್ತದೆ. ಅರ್ಧ ಜನಕ್ಕೆ ಓದಿಯೇ ಕೆಲಸ ಆಗಿಬಿಡುತ್ತದೆ, ಉಳಿದವರು ದುಡ್ಡು ಕೊಡುವ ಮನಸ್ಸಿನಲ್ಲೇ ಫೋನ್ ಮಾಡುತ್ತಾರೆ.

ರಿಯಾಯಿತಿ ಕೊಡಬೇಕು ಅನಿಸಿದರೆ ಬಿಲ್ಲಿನಲ್ಲಿ ಪೂರ್ತಿ ಬೆಲೆ ಬರೆದು, ಕೆಳಗೆ ರಿಯಾಯಿತಿ ಕಳೆದು ತೋರಿಸಿ. ಸುಮ್ನೆ ಕಮ್ಮಿ ಹೇಳಿದರೆ ಅದೇ ನಿಮ್ಮ ರೇಟು ಎಂದು ಮುಂದಿನವರಿಗೂ ಹೇಳಿಬಿಡುತ್ತಾರೆ.

ಬೇರೆಯವರು ನಮ್ಮ ಬರಹ ಕದ್ದು ಹಾಕಿದರೆ?

ನಿಮ್ಮ ಮಾತಿನಲ್ಲಿ ಬರೆದದ್ದಕ್ಕೆ, ನೀವು ತೆಗೆದ ಫೋಟೋಕ್ಕೆ 1957ರ ಕಾಪಿರೈಟ್ ಕಾಯಿದೆಯ ರಕ್ಷಣೆ ಇದೆ. ಬರೀ ಸಾಮಾನಿನ ಅಳತೆಗೆ ಇಲ್ಲ. ಮೊದಲು ಅವರಿಗೆ ಒಂದು ಮೆಸೇಜ್ ಹಾಕಿ. ಕೇಳದಿದ್ದರೆ ಹುಡುಕಾಟದಿಂದ ತೆಗೆಸಲು ಗೂಗಲ್‌ನಲ್ಲಿ ಅರ್ಜಿ ಇದೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಲೈಸೆನ್ಸು, ಜಿಎಸ್‌ಟಿ ಎಲ್ಲಾ ಬೇಕಾ?

ತಿನ್ನುವ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕು, 14 ಅಂಕಿಯದು. ಪೊಟ್ಟಣದ ಮೇಲೂ ಇರಲಿ, ಸೈಟಿನಲ್ಲೂ ಇರಲಿ.

ಜಿಎಸ್‌ಟಿಯಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಸಾಮಾನು ಮಾರುವವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂದು ಕೇಳಿರುತ್ತೀರಿ. ಅದು ರಾಜ್ಯದೊಳಗೆ ಮಾರಿದರೆ. ಡೊಂಬಿವಲಿಯಿಂದ ಬೆಂಗಳೂರಿಗೆ ಒಂದು ಪೊಟ್ಟಣ ಮಾರಿದರೂ ಅದು ಅಂತರರಾಜ್ಯ ಮಾರಾಟ. ಅಲ್ಲಿ ಆ ಮಿತಿ ನಡೆಯುವುದಿಲ್ಲ. ನಿಮ್ಮ ಪುಡಿ, ಹಪ್ಪಳಕ್ಕೆ ತೆರಿಗೆ ಬೀಳುತ್ತದೋ ಇಲ್ಲವೋ, ನೋಂದಣಿ ಬೇಕೋ ಬೇಡವೋ ಎಂದು ಮೊದಲೇ ಲೆಕ್ಕ ನೋಡುವವರನ್ನು ಕೇಳಿ. ಕ್ಲಾಸು, ಸಲಹೆಯಂಥ ಸೇವೆ ಆದರೆ ಹೊರ ರಾಜ್ಯಕ್ಕೆ ಕೊಟ್ಟರೂ 20 ಲಕ್ಷದವರೆಗೆ ನೋಂದಣಿ ಬೇಡ. ‘ಇಡೀ ದೇಶಕ್ಕೆ ಕಳಿಸುತ್ತೇವೆ’ ಎಂದು ಸೈಟಿನಲ್ಲಿ ಬರೆಯುವ ಮೊದಲು ಇದು ತೀರ್ಮಾನ ಆಗಿರಬೇಕು.

ಸೈಟಿನಲ್ಲಿ ವ್ಯಾಪಾರದ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಮತ್ತು ಫೋನ್, ವಾಪಸ್ ತಗೊಳ್ಳುವ ನಿಯಮ ಇರಲಿ. 2020ರ ಇ-ಕಾಮರ್ಸ್ ನಿಯಮದಂತೆ ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಗಣೇಶ ಹಬ್ಬಕ್ಕೆ ಸ್ಪೆಷಲ್ ಪುಟ ಹಾಕಬೇಕು ಅಂತಿದ್ದೇನೆ. ಯಾವಾಗ ಹಾಕಲಿ?

ಹಬ್ಬಕ್ಕೆ ಎರಡು ತಿಂಗಳು ಮೊದಲು. ಹಬ್ಬದ ವಾರ ಹಾಕಿದರೆ ಗೂಗಲ್ ಅದನ್ನು ನೋಡಿ ಮೇಲೆ ತರುವಷ್ಟರಲ್ಲಿ ವಿಸರ್ಜನೆಯೂ ಮುಗಿದಿರುತ್ತದೆ. ಪ್ರತಿ ವರ್ಷ ಹೊಸ ಪುಟ ಮಾಡಬೇಡಿ. ಒಂದೇ ವಿಳಾಸದ ಪುಟ ಇಟ್ಟು, ತಾರೀಕು, ಬೆಲೆ, ಫೋಟೋ ಬದಲಿಸುತ್ತಾ ಹೋಗಿ. ವಿಳಾಸದಲ್ಲಿ ಇಸವಿ ಸೇರಿಸಬೇಡಿ. ಪಂಚಕಜ್ಜಾಯ, ಕಡುಬು ಮಾಡುವ ವಿಧಾನ ಮೇಲೆ ಪುಕ್ಕಟೆ ಇರಲಿ. ಆರ್ಡರ್ ತಗೊಳ್ಳುವ ಕೊನೆಯ ದಿನ ಯಾವುದು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಆ ದಿನ ದಾಟಿದ ಮೇಲೆ ಬಟನ್ ತೆಗೆದು, ‘ಈ ವರ್ಷದ ಆರ್ಡರ್ ಮುಗಿದಿದೆ, ನವರಾತ್ರಿಗೆ ಈಗಲೇ ಹೇಳಿಡಬಹುದು’ ಎಂದು ಹಾಕಿ, ಕೆಳಗೆ ನಂಬರ್ ಕೊಡಿ.